ಎತ್ತಿದ ಕೈಯ ತೂಕ: ಮಹಾಡ್ ಪ್ರಕರಣದ ಒಂದು ಮರುಓದು

೧

ದಲಿತ ಸಾಹಿತ್ಯದ ಬಗ್ಗೆ ಮಾತು ಶುರುವಾದಾಗಲೆಲ್ಲ ಹಿಂಸೆಯ ಪ್ರಶ್ನೆ ಬಾಗಿಲಲ್ಲೇ ಕಾದು ನಿಂತಿರುತ್ತದೆ. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದ ಮೇಲೆ ಕನ್ನಡ ವಿಮರ್ಶೆಯಲ್ಲಿ ‘ರೊಚ್ಚು’ ಎನ್ನುವ ಪದ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನೋವಿದೆ ಸರಿ, ಸಿಟ್ಟಿದೆ ಸರಿ, ಆದರೆ ಹೊಡೆಯುವ ಮಾತು ಯಾಕೆ ಅಂತ ಹಿರಿಯರು ಕೇಳುತ್ತಾರೆ. ನಾನು ಪಾಠ ಮಾಡುವ ತರಗತಿಯಲ್ಲಿ ಹುಡುಗರೂ ಕೇಳುತ್ತಾರೆ. ಕೇಳುವವರಲ್ಲಿ ನಮ್ಮ ಕೇರಿಗಳಿಂದ ಬಂದ ಹುಡುಗರೂ ಇರುತ್ತಾರೆ ಅನ್ನೋದನ್ನ ಮರೆಯಬಾರದು.

ಪ್ರಶ್ನೆ ನ್ಯಾಯವಾದದ್ದೇ. ಹಿಂಸೆಯನ್ನು ಹಗುರವಾಗಿ ತೆಗೆದುಕೊಳ್ಳುವ ಸಾಹಿತ್ಯವಾಗಲಿ ಚಳವಳಿಯಾಗಲಿ ಬಹಳ ದಿನ ಉಳಿಯುವುದಿಲ್ಲ. ನನ್ನ ತಕರಾರು ಇರುವುದು ಆ ಪ್ರಶ್ನೆ ಸದಾ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುವುದರ ಬಗ್ಗೆ. ಮೊದಲು ಕೈ ಎತ್ತಿದವನನ್ನು ಬಿಟ್ಟು, ಏಟು ಬೀಳುವಾಗ ಅಡ್ಡ ಹಿಡಿದ ಕೈಯನ್ನೇ ತಕ್ಕಡಿಗೆ ಹಾಕುತ್ತಾರೆ. ಆ ಕೈಯ ನೈತಿಕ ತೂಕ ಎಷ್ಟು? ತೂಗುವ ತಕ್ಕಡಿ ಯಾರದು? ಇದನ್ನು ತತ್ವಶಾಸ್ತ್ರದ ಪ್ರಶ್ನೆಯಾಗಿ ಗಾಳಿಯಲ್ಲಿ ನಿಲ್ಲಿಸದೆ ಚರಿತ್ರೆಯ ಒಂದು ದಿನಕ್ಕೆ ಕಟ್ಟಿ ನೋಡೋಣ. ಆ ದಿನ ೧೯೨೭ರ ಮಾರ್ಚ್ ೨೦. ಊರು ಕೊಂಕಣದ ಕೊಲಾಬಾ ಜಿಲ್ಲೆಯ ಮಹಾಡ್.

೨

ಮಹಾಡ್ ಸತ್ಯಾಗ್ರಹ ಎಂದ ಕೂಡಲೆ ನಮ್ಮ ಕಣ್ಣಿಗೆ ಬರುವುದು ಅಂಬೇಡ್ಕರ್ ಬಗ್ಗಿ ಬೊಗಸೆಯಲ್ಲಿ ನೀರೆತ್ತುವ ಚಿತ್ರ. ಚೌದಾರ್ ಕೆರೆಯ ಆ ನೀರಿಗೆ ಕಾನೂನಿನ ಬಲವೂ ಇತ್ತು. ೧೯೨೩ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಮಂಡಿಸಿದ ನಿರ್ಣಯ ಸಾರ್ವಜನಿಕ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದಿತು. ೧೯೨೪ರಲ್ಲಿ ಮಹಾಡ್ ಪುರಸಭೆಯೂ ಕೆರೆ ತೆರೆದಿದೆ ಎಂದು ನಿರ್ಣಯ ಬರೆದುಕೊಂಡಿತು. ಬರೆದುಕೊಂಡದ್ದು ಕಾಗದದಲ್ಲಿ. ಕೆರೆಗೆ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ. ದನ ಕುಡಿಯಬಹುದಾದ ನೀರನ್ನು ಮಹಾರ್ ಮನುಷ್ಯ ಮುಟ್ಟುವ ಹಾಗಿರಲಿಲ್ಲ.

ಮಾರ್ಚ್ ೧೯ ಮತ್ತು ೨೦ರಂದು ಅಲ್ಲಿ ಸಮ್ಮೇಳನ ನಡೆಯಿತು. ಆರ್. ಬಿ. ಮೋರೆ, ಅನಂತರಾವ್ ಚಿತ್ರೆ, ಸುರೇಂದ್ರನಾಥ ಟಿಪ್ಣಿಸ್ ಮುಂತಾದವರು ಅದರ ಹಿಂದಿದ್ದರು. ಎರಡನೆಯ ದಿನ ಸಾವಿರಾರು ಜನ ಸಾಲುಗಟ್ಟಿ ಪೇಟೆಯ ನಡುವೆ ನಡೆದು ಕೆರೆಗೆ ಹೋದರು, ನೀರು ಕುಡಿದರು, ಮರಳಿದರು. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ.

ಇದಾಗಿ ಒಂದೆರಡು ಗಂಟೆಯಲ್ಲಿ ಊರಲ್ಲಿ ಸುದ್ದಿ ಹಬ್ಬಿತು: ಇವರು ಇನ್ನು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ. ಸುದ್ದಿ ಸುಳ್ಳು. ಆದರೆ ದೊಣ್ಣೆಗಳು ನಿಜ. ಬೀದಿಬೀದಿಯ ಮೂಲೆಯಲ್ಲಿ ಗುಂಪು ಕಟ್ಟಿದ ಸವರ್ಣೀಯರು ಸಮ್ಮೇಳನದ ಚಪ್ಪರಕ್ಕೆ ನುಗ್ಗಿದರು. ಊರಿಗೆ ಹೊರಡುವ ಮುಂಚೆ ಒಂದು ತುತ್ತು ಉಣ್ಣಲು ಕೂತಿದ್ದವರನ್ನು ಬಡಿದರು, ಅಡಿಗೆಯನ್ನು ಮಣ್ಣಿಗೆ ಚೆಲ್ಲಿದರು. ಒಂಟಿಯಾಗಿ ಸಿಕ್ಕವರನ್ನು ದಾರಿಯಲ್ಲಿ ಹಿಡಿದು ಹೊಡೆದರು. ಹಲವರು ಓಡಿ ಮುಸಲ್ಮಾನರ ಮನೆಗಳಲ್ಲಿ ಆಸರೆ ಪಡೆದರು. ಸುಮಾರು ಇಪ್ಪತ್ತು ಜನಕ್ಕೆ ಬಲವಾದ ಗಾಯಗಳಾದವು. ಹೋದವರಿಗೆ ಅವರವರ ಹಳ್ಳಿಗಳಲ್ಲೂ ಏಟು ಬೀಳುವಂತೆ ಹೇಳಿಕಳಿಸಿದ್ದರು.

ಅಂಬೇಡ್ಕರ್ ಇದ್ದದ್ದು ಪ್ರವಾಸಿ ಬಂಗಲೆಯಲ್ಲಿ. ಅಲ್ಲಿ ನೂರಾರು ಜನ ಸೇರಿದ್ದರು. ಅವರಲ್ಲಿ ಸೈನ್ಯದಲ್ಲಿ ದುಡಿದು ಬಂದವರೂ ಇದ್ದರು. ಅವರು ಕಾಯುತ್ತಿದ್ದದ್ದು ಒಂದೇ ಒಂದು ಮಾತಿಗೆ. ‘ಹೂಂ’ ಅಂದಿದ್ದರೆ ಆ ಸಂಜೆ ಮಹಾಡ್ ಪೇಟೆಯಲ್ಲಿ ಏನಾಗುತ್ತಿತ್ತು ಅಂತ ಊಹೆ ಮಾಡುವುದು ಕಷ್ಟವಲ್ಲ. ಅವರು ‘ಹೂಂ’ ಅನ್ನಲಿಲ್ಲ. ಜನರನ್ನು ತಡೆದರು, ಗಾಯಾಳುಗಳನ್ನು ನೋಡಿದರು, ಕಾನೂನಿನ ದಾರಿ ಹಿಡಿದರು. ಅದೇ ವರ್ಷದ ಜೂನ್‌ನಲ್ಲಿ ಆಪಾದಿತರ ಪೈಕಿ ಐವರಿಗೆ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಅಷ್ಟರಲ್ಲಿ ಊರವರು ನೂರೆಂಟು ಕೊಡ ನೀರು ಮೊಗೆದು, ಪಂಚಗವ್ಯ ಬೆರೆಸಿ ಕೆರೆಯನ್ನು ‘ಶುದ್ಧ’ ಮಾಡಿಕೊಂಡಿದ್ದರು.

೩

ಆ ಸಂಜೆಯ ಸಂಯಮವನ್ನು ಹೇಗೆ ಓದಬೇಕು?

ಮೊದಲ ಓದು ಗಾಂಧೀಜಿಯವರದು. ೧೯೨೭ರ ಏಪ್ರಿಲ್‌ನಲ್ಲೇ ‘ಯಂಗ್ ಇಂಡಿಯಾ’ದಲ್ಲಿ ಅವರು ಮಹಾಡ್ ಬಗ್ಗೆ ಬರೆದರು. ಅಷ್ಟೊಂದು ಕೆಣಕಿದರೂ ಅಸ್ಪೃಶ್ಯರು ತಾಳ್ಮೆ ಕಳೆದುಕೊಳ್ಳಲಿಲ್ಲವೆಂದು ಮೆಚ್ಚಿಕೊಂಡರು. ಅಂಬೇಡ್ಕರ್ ನಡೆಯನ್ನೂ ಸಮರ್ಥಿಸಿದರು. ಆ ವರ್ಷದ ಡಿಸೆಂಬರ್ ಸಮ್ಮೇಳನದ ಚಪ್ಪರದಲ್ಲಿದ್ದ ಒಂದೇ ಒಂದು ಭಾವಚಿತ್ರ ಗಾಂಧೀಜಿಯವರದು ಅನ್ನೋದೂ ದಾಖಲಾಗಿರುವ ಸಂಗತಿ. ಆದ್ದರಿಂದ ಈ ಓದನ್ನು ಹೊರಗಿನವರ ಓದು ಅಂತ ತಳ್ಳಿಹಾಕಲು ಬರುವುದಿಲ್ಲ. ಎರಡನೆಯದು ಇದಕ್ಕೆ ತಿರುಗುಮುರುಗಾದ ಓದು. ಅಂದು ತಿರುಗಿ ಹೊಡೆಯದೇ ಇದ್ದದ್ದು ನಮ್ಮ ದೌರ್ಬಲ್ಯ, ಅದನ್ನೇನು ಹೊಗಳುವುದು ಅಂತ ಬಿಸಿರಕ್ತದ ಗೆಳೆಯರು ಇವತ್ತಿಗೂ ವಾದಿಸುತ್ತಾರೆ.

ನನಗೆ ಎರಡೂ ಸಾಲವು. ಎರಡೂ ಆ ಬಂಗಲೆಯಲ್ಲಿ ಸೇರಿದ್ದವರು ಯಾರೆಂದು ಕೇಳುವುದಿಲ್ಲ. ಮಹಾರರಿಗೆ ಆಯುಧದ ಜೊತೆಗಿನ ಸಂಬಂಧ ಹೊಸದಲ್ಲ. ೧೮೧೮ರ ಜನವರಿ ೧ರ ಭೀಮಾ ಕೋರೆಗಾಂವ್ ಕದನದಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತ ಕಂಪನಿ ಪಡೆಯಲ್ಲಿ ಅವರಿದ್ದರು. ಅಂಬೇಡ್ಕರ್ ತಂದೆ ರಾಮ್‌ಜಿ ಸುಬೇದಾರರಾಗಿದ್ದವರು. ಆದರೆ ೧೮೯೦ರ ದಶಕದಲ್ಲಿ ಬ್ರಿಟಿಷರು ‘ವೀರಜನಾಂಗ’ಗಳ ಲೆಕ್ಕ ಹಾಕಿ ಮಹಾರರ ನೇಮಕಾತಿ ನಿಲ್ಲಿಸಿದರು. ಮೊದಲ ಮಹಾಯುದ್ಧದಲ್ಲಿ ಆಳು ಬೇಕಾದಾಗ ೧೯೧೭ರಲ್ಲಿ ೧೧೧ನೇ ಮಹಾರ್ ಪಡೆ ಕಟ್ಟಿದರು, ಕೆಲಸ ಮುಗಿದ ಮೇಲೆ ೧೯೨೧ರಲ್ಲಿ ಬರಖಾಸ್ತು ಮಾಡಿದರು. ಮಹಾರ್ ರೆಜಿಮೆಂಟ್ ಅಂತ ಮತ್ತೆ ಹುಟ್ಟಿದ್ದು ೧೯೪೧ರಲ್ಲಿ, ಅದೂ ನಮ್ಮ ಬೆಳಗಾವಿಯಲ್ಲಿ. ಸಾಮ್ರಾಜ್ಯಕ್ಕೆ ಬೇಕಾದಾಗ ವೀರರು, ಬೇಡವಾದಾಗ ಊರಾಚೆಯವರು.

೧೯೨೭ರ ಜನವರಿ ೧ರಂದು ಅಂಬೇಡ್ಕರ್ ಕೋರೆಗಾಂವ್ ಸ್ತಂಭದ ಎದುರು ನಿಂತಿದ್ದರು. ಎಂಬತ್ತು ದಿನ ಕಳೆಯುವುದರೊಳಗೆ ಮಹಾಡ್‌ನಲ್ಲಿ ಕೈ ಎತ್ತಬೇಡಿ ಅಂದರು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಹೊಡೆಯಲು ಬಾರದವನು ಸುಮ್ಮನಿರುವುದನ್ನು ಅಹಿಂಸೆ ಎನ್ನಲಾಗದು. ಹೊಡೆಯಬಲ್ಲವನು ತಡೆದುಕೊಂಡರೆ ಅಲ್ಲಿ ಅಹಿಂಸೆಯ ಮಾತು ಶುರುವಾಗುತ್ತದೆ. ಇದನ್ನು ಗಾಂಧೀಜಿಯೂ ಬಲ್ಲರು. ೧೯೨೦ರಲ್ಲಿ ಅವರು ಹೇಡಿತನ ಮತ್ತು ಹಿಂಸೆ ಎರಡರಲ್ಲಿ ಆಯ್ದುಕೊಳ್ಳಲೇಬೇಕಾಗಿ ಬಂದರೆ ಹಿಂಸೆಯನ್ನೇ ಸೂಚಿಸುವೆನೆಂದು ಬರೆದಿದ್ದರು. ಮಹಾಡ್‌ನ ಸಂಯಮಕ್ಕೆ ತೂಕ ಬಂದದ್ದು ಆ ಸೈನಿಕರ ತೋಳುಗಳಿಂದ.

ಅಂಬೇಡ್ಕರ್ ತಡೆದದ್ದು ಯಾಕೆ? ನನ್ನ ಗ್ರಹಿಕೆ ಇದು. ಒಂದು, ಅವರು ಹೋಗಿದ್ದು ಒಂದು ಹಕ್ಕನ್ನು ಊರ ನಡುವೆ ಸ್ಥಾಪಿಸಲು. ತಿರುಗಿ ಹೊಡೆದಿದ್ದರೆ ಮಾರನೆ ದಿನ ಅದು ‘ಎರಡು ಗುಂಪುಗಳ ಘರ್ಷಣೆ’ ಆಗುತ್ತಿತ್ತು. ಏಟು ತಿಂದವರೂ ಕೊಟ್ಟವರೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಎರಡು, ಮಹಾಡ್‌ಗೆ ಬಂದಿದ್ದ ಸಾವಿರಾರು ಜನ ಒಂದೇ ಊರವರಲ್ಲ. ಅಲ್ಲಿ ಅವರು ಬಹುಸಂಖ್ಯಾತರು. ತಂತಮ್ಮ ಹಳ್ಳಿಗೆ ಹೋದರೆ ಹತ್ತು ಮನೆ, ಹದಿನೈದು ಮನೆ. ಪೇಟೆಯಲ್ಲಿ ಎತ್ತಿದ ಕೈಗೆ ಹಳ್ಳಿಯ ಗುಡಿಸಲು ಬೆಲೆ ತೆರಬೇಕಾಗಿತ್ತು. ಸುರಕ್ಷಿತ ಜಾಗದಲ್ಲಿ ಕೂತು ಧರ್ಮಸೂಕ್ಷ್ಮ ವಿಚಾರಿಸುವವರಿಗೆ ಈ ಎರಡನೆಯ ಲೆಕ್ಕ ಹೊಳೆಯುವುದೇ ಇಲ್ಲ.

೪

ಮಹಾಡ್ ಕಥೆ ಮಾರ್ಚ್‌ಗೆ ಮುಗಿಯುವುದಿಲ್ಲ. ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯ ವಾಪಸು ಪಡೆಯಿತು. ಡಿಸೆಂಬರ್‌ನಲ್ಲಿ ಮತ್ತೆ ಸಮ್ಮೇಳನ. ಸವರ್ಣೀಯರು ಜಾಗ ಕೊಡದಿದ್ದಾಗ ಫತ್ತೇಖಾನ್ ಎಂಬ ಮುಸಲ್ಮಾನರು ಜಾಗ ಕೊಟ್ಟರು. ಕೋರ್ಟಿನಿಂದ ತಡೆಯಾಜ್ಞೆ ಬಂದಿದ್ದರಿಂದ ನೀರು ಮುಟ್ಟುವುದನ್ನು ಮುಂದೂಡಿದರು. ಡಿಸೆಂಬರ್ ೨೫ರ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಇದನ್ನು ನಾವು ಸಾಮಾನ್ಯವಾಗಿ ಒಂದು ಸಂಕೇತವಾಗಿ ನೋಡುತ್ತೇವೆ. ಆದರೆ ಮಾರ್ಚ್‌ನ ದೊಣ್ಣೆಗಳಿಗೂ ಡಿಸೆಂಬರ್‌ನ ಬೆಂಕಿಗೂ ನೇರ ಸಂಬಂಧವಿದೆ. ಅದನ್ನು ಕಾಣಬೇಕಾದರೆ ಆ ಪುಸ್ತಕದ ಎಂಟನೆಯ ಅಧ್ಯಾಯ ತೆರೆಯಬೇಕು.

ಅಲ್ಲಿ ೩೪೮ರಿಂದ ೩೫೧ರವರೆಗಿನ ಶ್ಲೋಕಗಳು ಆತ್ಮರಕ್ಷಣೆಯ ಕಾನೂನನ್ನು ಹೇಳುತ್ತವೆ. ಧರ್ಮಕ್ಕೆ ಅಡ್ಡಿ ಬಂದಾಗ, ಕಾಲ ಕೆಟ್ಟಾಗ ದ್ವಿಜರು ಶಸ್ತ್ರ ಹಿಡಿಯಬಹುದು. ತನ್ನ ರಕ್ಷಣೆಗೆ, ದಕ್ಷಿಣೆಯ ವಿಚಾರದ ಕದನದಲ್ಲಿ, ಹೆಂಗಸರನ್ನೂ ಬ್ರಾಹ್ಮಣರನ್ನೂ ಕಾಪಾಡಲು ಕೊಂದರೆ ದೋಷವಿಲ್ಲ. ಕೊಲ್ಲಲು ಬಂದ ಆತತಾಯಿ ಗುರುವಾಗಿರಲಿ, ಮುದುಕನಾಗಿರಲಿ, ಬ್ರಾಹ್ಮಣನೇ ಆಗಿರಲಿ, ವಿಚಾರ ಮಾಡದೆ ಕೊಲ್ಲಬಹುದು. ಅಂದರೆ ನಮ್ಮ ಪರಂಪರೆಗೆ ಆತ್ಮರಕ್ಷಣೆಯ ಹಿಂಸೆ ಗೊತ್ತಿರಲಿಲ್ಲ ಅಂತಿಲ್ಲ. ಅದಕ್ಕೆ ಪಾಪವೇ ಇಲ್ಲ ಎನ್ನುವಷ್ಟು ಧಾರಾಳವಾಗಿ ಒಪ್ಪಿಗೆ ಕೊಟ್ಟಿತ್ತು. ದಕ್ಷಿಣೆಗಾಗಿ ಕೂಡ!

ಈಗ ಅದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದಕ್ಕೆ ಬನ್ನಿ. ೨೭೯, ೨೮೦ನೇ ಶ್ಲೋಕಗಳು. ಅಂತ್ಯಜನು ಮೇಲಿನವನನ್ನು ಯಾವ ಅಂಗದಿಂದ ನೋಯಿಸುತ್ತಾನೋ ಆ ಅಂಗವನ್ನೇ ಕತ್ತರಿಸಬೇಕು. ಕೈಯನ್ನೋ ಕೋಲನ್ನೋ ಎತ್ತಿದರೆ ಕೈ, ಕಾಲಲ್ಲಿ ಒದ್ದರೆ ಕಾಲು. ಮೊದಲು ಏಟು ಕೊಟ್ಟವರು ಯಾರು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಒಬ್ಬನು ಎತ್ತಿದ ಕೈ ಧರ್ಮವನ್ನು ಕಾಪಾಡುವ ಕೈ, ಇನ್ನೊಬ್ಬನು ಎತ್ತಿದ ಕೈ ಕತ್ತರಿಸಬೇಕಾದ ಕೈ.

‘ಆತ್ಮರಕ್ಷಣೆ’ ಎಂಬ ಪದದಲ್ಲಿ ರಕ್ಷಣೆಗಿಂತ ಮೊದಲು ಆತ್ಮ ಇದೆ. ಕಾಪಾಡಿಕೊಳ್ಳಲು ಒಂದು ‘ತಾನು’ ಇದೆ ಅಂತ ಒಪ್ಪಿದರೆ ತಾನೆ ರಕ್ಷಣೆಯ ಮಾತು? ಮನುಸ್ಮೃತಿ ಅಂತ್ಯಜನಿಗೆ ಆ ‘ತಾನು’ ಎಂಬುದನ್ನೇ ಕೊಡಲಿಲ್ಲ. ೧೯೩೬ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್, ಈ ದೇಶದಲ್ಲಿ ಸಾಮಾಜಿಕ ಕ್ರಾಂತಿಗಳು ಯಾಕೆ ನಡೆಯಲಿಲ್ಲ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೂ ಇದೇ ಜಾಡಿನದು: ಚಾತುರ್ವರ್ಣ್ಯವು ಕೆಳಗಿನವರಿಗೆ ಆಯುಧವನ್ನೂ ವಿದ್ಯೆಯನ್ನೂ ನಿರಾಕರಿಸಿ ಅವರನ್ನು ನೇಗಿಲಿಗೆ ಕಟ್ಟಿಹಾಕಿತು. ಹೀಗೆ ಕೈಕಟ್ಟಿಸಿಕೊಂಡ ಜನರ ಮೌನವನ್ನು ಸಹನೆ, ಸಾತ್ವಿಕತೆ ಅಂತ ಹಾಡಿದ್ದು ಆಮೇಲಿನ ಸಾಹಿತ್ಯದ ಕೆಲಸ. ಡಿ. ಆರ್. ನಾಗರಾಜ್ ಗಾಂಧಿಯವರದು ಆತ್ಮಶುದ್ಧಿಯ ಮಾದರಿ, ಅಂಬೇಡ್ಕರ್‌ರದು ಆತ್ಮಗೌರವದ ಮಾದರಿ ಎಂದು ಗುರುತಿಸಿದ್ದಾರೆ. ಆತ್ಮರಕ್ಷಣೆಯ ಪ್ರಶ್ನೆ ಈ ಎರಡನೆಯ ಮಾದರಿಯೊಳಗಿನದು. ಗೌರವವಿಲ್ಲದ ಜೀವವನ್ನು ಯಾವ ಶಾಸ್ತ್ರವೂ ರಕ್ಷಿಸಿಕೊ ಅನ್ನುವುದಿಲ್ಲ.

೫

ಮನುವಿನ ತಕ್ಕಡಿಯ ಜಾಗಕ್ಕೆ ಇನ್ನೊಂದು ತಕ್ಕಡಿ ಬಂದದ್ದು ೧೮೬೦ರ ಭಾರತೀಯ ದಂಡ ಸಂಹಿತೆಯಲ್ಲಿ. ೯೬ರಿಂದ ೧೦೬ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳಿದವು. ತನ್ನ ದೇಹವನ್ನೂ ಇನ್ನೊಬ್ಬರ ದೇಹವನ್ನೂ ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಉಂಟು. ಸಾವಿನ, ಘೋರ ಗಾಯದ, ಅತ್ಯಾಚಾರದ ಭಯ ಎದುರಾದಾಗ ಕೊಂದರೂ ಅಪರಾಧವಲ್ಲ. ಅಲ್ಲಿ ಜಾತಿಯ ಹೆಸರಿಲ್ಲ. ಇದರ ಕರಡು ಬರೆದ ಮೆಕಾಲೆಗೆ ಇಲ್ಲಿನ ಜನ ಏಟು ಹೊಡೆಸಿಕೊಂಡು ಸುಮ್ಮನಿರುವುದೇ ಸಮಸ್ಯೆಯಾಗಿ ಕಂಡಿತ್ತು. ಅವರಲ್ಲಿ ಎದೆಗಾರಿಕೆ ಬೆಳೆಯಲಿ ಎಂದು ಈ ಹಕ್ಕನ್ನು ಬೇಕೆಂದೇ ಅಗಲವಾಗಿಟ್ಟ. ವಸಾಹತು ಮಾಡಿದವನ ಆ ಮಾತಿನಲ್ಲಿ ಕೊಂಕೂ ಇದೆ. ಹಾಗಿದ್ದರೂ ಅಂತ್ಯಜನ ಕೈ ಇತರರ ಕೈಗೆ ಸಮವೆಂದು ಬರೆದದ್ದು ಸಣ್ಣದಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಹಕ್ಕು ೩೪ರಿಂದ ೪೪ರವರೆಗಿನ ಕಲಮುಗಳಲ್ಲಿ ಮುಂದುವರಿದಿದೆ.

ಹಕ್ಕಿಗೆ ಎರಡು ಬೇಲಿಗಳಿವೆ. ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದರೆ ನೀನೇ ಕೈ ಎತ್ತುವಂತಿಲ್ಲ. ಎತ್ತಿದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಎರಡೂ ವಿವೇಕದ ಮಾತುಗಳೇ. ಪ್ರಾಣ ಹೋಗುವ ಗಳಿಗೆಯಲ್ಲಿ ಎತ್ತಿದ ಕೈಯನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂದು ನಮ್ಮ ನ್ಯಾಯಾಲಯಗಳೇ ಹಲವು ಸಲ ಹೇಳಿವೆ. ಆದರೆ ಕೇರಿಯವನ ಪ್ರಕರಣ ನ್ಯಾಯಾಲಯದವರೆಗೆ ಹೋಗುವಷ್ಟರಲ್ಲಿ ಠಾಣೆಯಲ್ಲೇ ಒಂದು ಸಲ ತೂಗಿ ಆಗಿರುತ್ತದೆ. ಹುಲ್ಲು ಕೊಯ್ಯುವ ಹೆಣ್ಣಾಳಿನ ಕೈಯಲ್ಲಿದ್ದ ಕುಡುಗೋಲು ದೂರಿನಲ್ಲಿ ‘ಮಾರಕಾಸ್ತ್ರ’ ಆಗುತ್ತದೆ. ಆಮೇಲೆ ಅದು ಆತ್ಮರಕ್ಷಣೆಗೆ ಎತ್ತಿದ್ದು ಅಂತ ತೋರಿಸುವ ಹೊರೆ ಅವಳ ತಲೆ ಮೇಲೇ ಬೀಳುತ್ತದೆ.

ಇನ್ನು ಸರ್ಕಾರದ ರಕ್ಷಣೆ. ೧೯೬೮ರ ಡಿಸೆಂಬರ್ ೨೫ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಳ ಕೇಳಿದ ದಲಿತರ ಕೇರಿಗೆ ಭೂಮಾಲೀಕರ ಗುಂಪು ನುಗ್ಗಿತು. ಒಂದು ಗುಡಿಸಿಲಲ್ಲಿ ಅಡಗಿದ್ದ ೪೪ ಜನ ಸುಟ್ಟು ಬೂದಿಯಾದರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಮನುಸ್ಮೃತಿ ಸುಟ್ಟ ದಿನಕ್ಕೆ ಸರಿಯಾಗಿ ೪೧ ವರ್ಷ. ಕೆಳಗಿನ ಕೋರ್ಟು ಭೂಮಾಲೀಕರಿಗೆ ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅವರು ಬಿಡುಗಡೆಯಾದರು. ಅದೇ ಸಂಜೆಯ ಘರ್ಷಣೆಯಲ್ಲಿ ಭೂಮಾಲೀಕರ ಕಡೆಯ ಒಬ್ಬ ಸತ್ತದ್ದಕ್ಕೆ ಕೂಲಿಗಳಿಗೆ ಶಿಕ್ಷೆಯಾಯಿತು. ಆ ಭೂಮಾಲೀಕರ ಮುಂದಾಳನ್ನು ೧೯೮೦ರಲ್ಲಿ ನಕ್ಸಲೀಯರು ಕೊಂದರು. ಇದನ್ನು ನಾನು ಆತ್ಮರಕ್ಷಣೆಯ ಲೆಕ್ಕಕ್ಕೆ ಸೇರಿಸಲಾರೆ. ಹನ್ನೆರಡು ವರ್ಷದ ಮೇಲೆ ಎತ್ತಿದ ಕತ್ತಿ ಯಾವ ಗುಡಿಸಿಲನ್ನೂ ಉಳಿಸಲಿಲ್ಲ. ಅದು ಸೇಡು. ಕಾನೂನು ಸೋತ ಜಾಗದಲ್ಲಿ ಸೇಡು ಹುಟ್ಟುವುದು ಅರ್ಥವಾಗುವಂಥದ್ದು, ಅರ್ಥವಾಗುವುದೆಲ್ಲ ಸಮರ್ಥನೆಯಾಗುವುದಿಲ್ಲ.

ದೂರ ಯಾಕೆ, ನಮ್ಮ ಕಂಬಾಲಪಲ್ಲಿ ಇದೆಯಲ್ಲ. ೨೦೦೦ದ ಮಾರ್ಚ್ ೧೧ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ನಾನಾಗ ಹಾಲುಗಲ್ಲದ ಕೂಸು. ೨೦೦೬ರಲ್ಲಿ ಕೆಳಗಿನ ಕೋರ್ಟು ಆಪಾದಿತರೆಲ್ಲರನ್ನೂ ಬಿಟ್ಟಿತು, ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಮಾತು ಬದಲಿಸಿದ್ದರು. ಸಾಕ್ಷಿ ತಿರುಗಿಬಿದ್ದ ಅಂತ ಕಾನೂನಿನ ಭಾಷೆ. ಅವನು ಅದೇ ಊರಲ್ಲಿ, ಅದೇ ನೀರು ಕುಡಿದು ಬದುಕಬೇಕು ಅನ್ನೋದಕ್ಕೆ ಆ ಭಾಷೆಯಲ್ಲಿ ಪದವಿಲ್ಲ.

ನಾನು ಪಿಯುಸಿ ಓದುವಾಗ ಹಬ್ಬದಲ್ಲಿ ನಮ್ಮ ಕೇರಿಯ ಹುಡುಗನೊಬ್ಬನಿಗೆ ಊರಿನವರು ಹೊಡೆದಿದ್ದರು. ನಾವು ನಾಲ್ಕು ಜನ ಹುಡುಗರು ಹೊರಟು ನಿಂತಾಗ ನಮ್ಮವ್ವ ಬಾಗಿಲಿಗೆ ಅಡ್ಡ ನಿಂತು, “ಕೈ ಎತ್ತಬ್ಯಾಡ ಕಣ್ ಮಗ. ನೀನು ಓದಕ್ಕೆ ಊರು ಬುಟ್ಟು ಓಯ್ತೀಯ. ನಾಳಿಕೆ ಅವರ ಗದ್ದೆಗೆ ನಾಟಿಗೆ ಓಗೋಳು ನಾನಲ್ವಾ” ಅಂದಿದ್ದಳು. ಇದನ್ನು ಹೇಡಿತನ ಅನ್ನುವ ಧೈರ್ಯ ನನಗಿಲ್ಲ, ಅಹಿಂಸೆ ಅಂತ ಹೊಗಳುವ ಧೈರ್ಯ ಮೊದಲೇ ಇಲ್ಲ. ಅವಳು ಲೆಕ್ಕ ಹಾಕಿದ್ದಳು ಅಷ್ಟೆ. ಮಹಾಡ್‌ನ ಬಂಗಲೆಯಲ್ಲಿ ಅಂಬೇಡ್ಕರ್ ಹಾಕಿದ ಲೆಕ್ಕದಲ್ಲಿ ಇಂಥ ಅವ್ವಂದಿರೂ ಇದ್ದಿರಬೇಕು.

೬

ಹಾಗಾದರೆ ಅಂಬೇಡ್ಕರ್ ಈ ವಿಷಯದಲ್ಲಿ ಕೊನೆಗೆ ಎಲ್ಲಿ ನಿಂತರು? ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಅವರು ರಕ್ತಮಾರ್ಗವನ್ನಷ್ಟೇ ಅಲ್ಲದೆ ಸತ್ಯಾಗ್ರಹವನ್ನೂ ಕೈಬಿಡಬೇಕೆಂದರು. ಆ ಮಾತಿಗೆ ಒಂದು ಷರತ್ತಿತ್ತು: ಸಂವಿಧಾನದ ದಾರಿ ತೆರೆದಿರುವಾಗ. ದಾರಿಯೇ ಇಲ್ಲದ ಕಾಲದಲ್ಲಿ ಬೇರೆ ಮಾರ್ಗಗಳಿಗೆ ಸಮರ್ಥನೆ ಇತ್ತೆಂದು ಅವರೇ ಹೇಳಿದರು. ದಂಡ ಸಂಹಿತೆಯ ಮೊದಲ ಬೇಲಿಯೂ ಇದನ್ನೇ ಹೇಳುತ್ತದೆ. ಕೈ ಕೆಳಗಿಡು ಎನ್ನುವ ಪ್ರಭುತ್ವ ಬದಲಿಗೆ ರಕ್ಷಣೆ ಕೊಡಬೇಕು, ಇದೊಂದು ಒಪ್ಪಂದ. ಒಂದು ಕಡೆಯವರು ಒಪ್ಪಂದ ಮುರಿದರೆ ಇನ್ನೊಂದು ಕಡೆಯವರಿಗೆ ಮಾತ್ರ ಅಹಿಂಸೆ ಬೋಧಿಸುವುದು ನ್ಯಾಯವಾಗುವುದಿಲ್ಲ.

೧೯೫೭ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ವಿಚಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಬುದ್ಧನ ಅಹಿಂಸೆ ಒಂದು ತತ್ವ, ನಿಯಮವಲ್ಲ ಎನ್ನುತ್ತಾರೆ ಅಂಬೇಡ್ಕರ್. ನಿಯಮ ಮನುಷ್ಯನನ್ನು ಕಟ್ಟಿಹಾಕುತ್ತದೆ. ತತ್ವ ತೀರ್ಮಾನವನ್ನು ಅವನಿಗೇ ಬಿಡುತ್ತದೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾಗಿ ಬರುವ ಅಗತ್ಯ ಬೇರೆ. ಬುದ್ಧ ನಿಷೇಧಿಸಿದ್ದು ಮೊದಲನೆಯದನ್ನು. ಸಿಂಹ ಸೇನಾಪತಿಯ ಪ್ರಶ್ನೆಗೆ ಬುದ್ಧ ಕೊಟ್ಟ ಉತ್ತರವನ್ನು ಅವರು ಹೀಗೆಯೇ ಓದುತ್ತಾರೆ: ಶಾಂತಿಯ ದಾರಿಗಳೆಲ್ಲ ಮುಗಿದ ಮೇಲೆ ನ್ಯಾಯಕ್ಕಾಗಿ ಹೋರಾಡುವವನನ್ನು ದೂರುವಂತಿಲ್ಲ. ಮಹಾಡ್‌ನಲ್ಲಿ ಮಾಡಿದ್ದಕ್ಕೆ ಅವರು ಮೂವತ್ತು ವರ್ಷದ ಮೇಲೆ ಬರೆದ ಭಾಷ್ಯ ಇದು ಅಂತ ನನಗೆ ಅನ್ನಿಸುತ್ತದೆ. ಅಂದು ಇಚ್ಛೆ ಕುದಿಯುತ್ತಿತ್ತು. ಅಗತ್ಯ ಇನ್ನೂ ಬಂದಿರಲಿಲ್ಲ, ಕಾನೂನಿನ ದಾರಿ ಉಳಿದಿತ್ತು. ಆ ದಾರಿಯಲ್ಲೇ ಹೋಗಿ ೧೯೩೭ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಚೌದಾರ್ ಕೆರೆಯ ಮೊಕದ್ದಮೆಯನ್ನು ಗೆದ್ದರು. ಹತ್ತು ವರ್ಷ ಹಿಡಿಯಿತು.

ತತ್ವಕ್ಕೆ ನಿಯಮಕ್ಕಿಂತ ಭಾರ ಜಾಸ್ತಿ. ನಿಯಮ ಪಾಲಿಸುವವನು ಹೊಣೆಯನ್ನು ನಿಯಮದ ಮೇಲೆ ಹಾಕಿ ನಿದ್ದೆ ಮಾಡಬಹುದು. ತತ್ವ ಪಾಲಿಸುವವನು ಪ್ರತಿಸಲವೂ ತಾನೇ ತೀರ್ಮಾನಿಸಬೇಕು, ಅದರ ಹೊಣೆಯನ್ನೂ ಹೊರಬೇಕು. ಆತ್ಮರಕ್ಷಣೆಗೆ ಹೊಡೆದ ಏಟು ನ್ಯಾಯವಾಗಿದ್ದರೂ ಹಗುರವಾಗಿರುವುದಿಲ್ಲ. ಅದನ್ನು ಜಾತ್ರೆಯ ತಮಟೆಯಂತೆ ಬಾರಿಸುವ ನಮ್ಮ ಕಡೆಯ ಕೆಲವು ಬರಹಗಳಿಗೂ ಈ ಮಾತು ಸಲ್ಲಬೇಕು. ಮನುವಿನ ಶ್ಲೋಕ ಕೊಂದವನಿಗೆ ದೋಷವೇ ಇಲ್ಲ ಎಂದು ಕೈತೊಳೆಸುತ್ತದೆ. ಆ ಪುಸ್ತಕವನ್ನು ಸುಟ್ಟವರು ಅದೇ ಸವಲತ್ತನ್ನು ತಮಗೂ ಕೊಡಿ ಅಂತ ಕೇಳಲಿಲ್ಲ.

೧೯೮೯ರ ದೌರ್ಜನ್ಯ ತಡೆ ಕಾಯಿದೆಗೆ ೧೯೯೫ರಲ್ಲಿ ಮಾಡಿದ ನಿಯಮಾವಳಿ ಇದೆ. ಅದರ ಮೂರನೆಯ ನಿಯಮವನ್ನು ಓದಿದವರು ಕಡಿಮೆ. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳಲ್ಲಿ ಪರಿಶಿಷ್ಟರಲ್ಲದವರ ಬಂದೂಕು ಪರವಾನಗಿ ರದ್ದು ಮಾಡಬಹುದು, ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಆಯುಧ ಪರವಾನಗಿ ಕೊಡಬಹುದು ಎಂದು ಅಲ್ಲಿದೆ. ಶಸ್ತ್ರ ದ್ವಿಜರಿಗೆ ಎಂದ ಶ್ಲೋಕವನ್ನು ಈ ಗಣರಾಜ್ಯ ಕಾಗದದ ಮೇಲಾದರೂ ತಿರುಗಿಸಿ ಬರೆದಿದೆ. ಕೇರಿಗಳಿಗೆ ಬಂದೂಕು ಹಂಚಿ ಅಂತ ನಾನು ಇದನ್ನು ಎತ್ತುತ್ತಿಲ್ಲ. ಕೇರಿಯ ಜೀವಕ್ಕೆ ಅಪಾಯವಿದೆ, ಅದನ್ನು ಕಾಪಾಡಿಕೊಳ್ಳಲು ಅದಕ್ಕೆ ಹಕ್ಕಿದೆ ಎಂದು ಪ್ರಭುತ್ವವೇ ಒಪ್ಪಿರುವಾಗ, ಒಂದು ಪದ್ಯದಲ್ಲಿ ಎತ್ತಿದ ಕೈ ಕಂಡರೆ ವಿಮರ್ಶೆ ಯಾಕೆ ಬೆಚ್ಚಿಬೀಳಬೇಕು ಅಂತ ಕೇಳುತ್ತಿದ್ದೇನೆ.

ಆ ಕೈಯನ್ನು ತೂಗಬೇಡಿ ಅಂತ ನಾವು ಹೇಳುವುದಿಲ್ಲ. ತೂಗಲಿ. ತೂಗುವ ಮುಂಚೆ ಮೊದಲ ಏಟು ಯಾರದು, ಪೊಲೀಸು ಎಷ್ಟು ದೂರದಲ್ಲಿತ್ತು, ಹೊಡೆದ ಮೇಲೆ ಬೆಂಕಿ ಯಾರ ಮನೆಗೆ ಬೀಳುತ್ತಿತ್ತು ಎಂಬ ಮೂರನ್ನೂ ಕೇಳಿಕೊಳ್ಳಲಿ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎರಡು ಸಾವಿರ ವರ್ಷ ಎತ್ತದೇ ಇದ್ದ ಕೈಗಳನ್ನೂ ಇಡಲಿ. ಆಗ ಮುಳ್ಳು ಎತ್ತ ವಾಲುತ್ತದೋ ಅದನ್ನು ಒಪ್ಪಿಕೊಳ್ಳಲು ನಾವು ತಯಾರಿದ್ದೇವೆ.